ಕೃಪಮ್ಮನ ಸಾಕ್ಷಿ

"ಬೆನ್ನುನೋವು ಹೋಯ್ತು ಅಂತ ಹೇಳಿ ಬಂದುಬಿಡು. ಒಂದು ನಿಮಿಷದ ಕೆಲಸ," ಎಂದಳು ಸುವಾರ್ತಮ್ಮ ಟೀಚರ್.

"ಹೋಗಿಲ್ವಲ್ಲಕ್ಕಾ," ಎಂದಳು ಮುಂದೆ ನಿಂತಿದ್ದ ಕೃಪಮ್ಮ.

"ಹೋಗುತ್ತೆ. ಮೊದಲೇ ಹೇಳಿಬಿಟ್ರೆ ಅದಕ್ಕೆ ನಂಬಿಕೆ ಅಂತಾರೆ."

"ನಮ್ಮ ಓಣೀಲಿ ಸುಳ್ಳು ಅಂತಾರೆ."

ಗುಂಟೂರು ಸೀಮೆಯ ಆ ಪುಟ್ಟ ಚರ್ಚಿನ ವಾರ್ಷಿಕೋತ್ಸವ. ದೇವರು ತಮಗೆ ಮಾಡಿದ ಮೇಲನ್ನು ಎಲ್ಲರೆದುರು ಸಾರಿ ಸಾಕ್ಷಿ ಹೇಳುವವರ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ಕರ್ತನು ಆ ವರ್ಷ ಬಿಡುವಿಲ್ಲದೆ ದುಡಿದಿದ್ದ. ಒಬ್ಬರಿಗೆ ಮಹಡಿ ಮನೆ ಕಟ್ಟಿಸಿಕೊಟ್ಟಿದ್ದ, ಇನ್ನೊಬ್ಬರ ಪಿತ್ತಕೋಶದ ಕಲ್ಲು ಕರಗಿಸಿದ್ದ. ಕಂಟ್ರಾಕ್ಟರ್ ಸುಂದರರಾವು ಹೊಸ ಕಾರಿಗಾಗಿ ಸ್ತೋತ್ರ ಹೇಳುವಾಗ ಅದರ ಮೈಲೇಜನ್ನೂ ಸೇರಿಸಿದ. ಮೆಣಸಿನಕಾಯಿ ಶೆಡ್ಡಿನಲ್ಲಿ ತೊಟ್ಟು ಬಿಡಿಸುವ ಕೃಪಮ್ಮ ಚರ್ಚಿಗೆ ಬರುತ್ತಿರುವ ಹದಿನೇಳು ವರ್ಷದಲ್ಲಿ ಒಮ್ಮೆಯೂ ಈ ಸಾಲಿಗೆ ಬಂದವಳಲ್ಲ. ಈ ಸಲ ಮನೆಗೊಂದು ಸಾಕ್ಷಿ ಬರಲೇಬೇಕೆಂದು ಪಾಸ್ಟರ್ ಜೀವರತ್ನಂ ಹಟ ಹಿಡಿದಿದ್ದರು.

ಅವಳು ಮೈಕಿನ ಮುಂದೆ ನಿಂತು ಕೆಮ್ಮಿದಳು. "ನನಗೆ ಏನೂ ಸಿಕ್ಕಿಲ್ಲ."

"ಸ್ತೋತ್ರ!" ಎಂದರು ಜನ, ಅಭ್ಯಾಸಬಲದಿಂದ.

"ಸೂರು ಸರಿಮಾಡ್ಸು ಅಂದೆ, ಇನ್ನೂ ಸೋರ್ತಿದೆ. ಮಗ ಪಾಸಾಗ್ಲಿ ಅಂದೆ, ನಾಲ್ಕನೇ ಸಲವೂ ಫೇಲಾದ. ಗಂಡ ಕುಡಿಯೋದು ಬಿಡ್ಲಿ ಅಂತ ಹನ್ನೆರಡು ವರ್ಷ ಉಪವಾಸ ಮಾಡಿದೆ. ಬಿಟ್ಟ. ಸತ್ತ ಮೇಲೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಪಾಸ್ಟರು ಬಗ್ಗಿ ಪಿಸುಗುಟ್ಟಿದರು: "ಅಮ್ಮಾ, ಕರ್ತನು ಮಾಡಿದ ಮೇಲು ಏನಾದ್ರೂ ಇದ್ರೆ ಹೇಳು. ಇಲ್ದಿದ್ರೆ ಸ್ತೋತ್ರ ಅಂದು ಕೂತ್ಕೋ."

"ಅದಕ್ಕೇ ಬರ್ತಿದೀನಿ, ತಾಳಿ ಅಯ್ಯಗಾರೂ." ಸೆರಗಿನಿಂದ ಮೂಗೊರೆಸಿಕೊಂಡಳು. "ಶೆಡ್ಡಲ್ಲಿ ನಾನು ಹನ್ನೊಂದನೇ ನಂಬರು. ಓಣೀಲಿ ಕುಡುಕನ ಹೆಂಡ್ತಿ, ಈಗ ಫೇಲಾದವನ ತಾಯಿ. ಹೋಗ್ಲಿ, ಅದೇನು ಸುಳ್ಳಲ್ಲ. ಆದ್ರೆ ಇಲ್ಲಿ ರೊಟ್ಟಿ ಮುರಿದು ಕೊಡೋವಾಗ ನೀವೇ ಹೇಳ್ತೀರಿ, 'ಕೃಪಮ್ಮಾ, ಇದು ನಿನಗಾಗಿ ಕೊಟ್ಟ ಕರ್ತನ ದೇಹ' ಅಂತ. ನನ್ನ ಗಂಡ ಸತ್ತಿದ್ದು ಬಾಟ್ಲಿಗಾಗಿ. ನನಗಾಗಿ ಸತ್ತವನು ಕರ್ತನೊಬ್ಬನೇ. ಮೆಣಸಿನಕಾಯಿ ಕೊಳ್ಳೋನೂ ಮುರಿದು, ಮೂಸಿ ನೋಡ್ದೆ ಬೆಲೆ ಕಟ್ಟಲ್ಲ. ದೇವರು ನನ್ನ ನೋಡದೇ ತನ್ನ ಪ್ರಾಣದ ಬೆಲೆ ಕಟ್ಟಿರ್ತಾನಾ? ಅವನು ಬೆಲೆ ಕಟ್ಟಿದ ಮೇಲೆ ನಂಬರೂ ಇರ್ಲಿ, ಬೆನ್ನುನೋವೂ ಇರ್ಲಿ. ಇಷ್ಟೇ ನನ್ನ ಸಾಕ್ಷಿ."

ಈ ಸಲ ಯಾರೂ ಸ್ತೋತ್ರ ಅನ್ನಲಿಲ್ಲ.

ಮುಂದಿನ ಸರದಿ ಸುವಾರ್ತಮ್ಮನದು. "ನನ್ನ ಮಗಳಿಗೆ ಮೆಡಿಕಲ್ ಸೀಟು ಸಿಕ್ತು," ಎಂದು ಗಟ್ಟಿಯಾಗಿ ಶುರುಮಾಡಿದವಳು ತಡವರಿಸಿದಳು. "ಸಿಕ್ಕಿದ ದಿನದಿಂದ ನನ್ನ ಹತ್ರ ಮಾತು ಬಿಟ್ಟಿದಾಳೆ. ಸೀಟು ಅವಳಿಗೆ ಬೇಕಿರ್ಲಿಲ್ಲ. ನನಗೆ ಬೇಕಿತ್ತು. ಟೀಚರ್ ಮಗಳು ಡಾಕ್ಟ್ರು ಅನ್ನಿಸ್ಕೋಬೇಕಿತ್ತು."

ಅವಳ ಕಣ್ಣೊರೆಸಲು ಕೃಪಮ್ಮ ಕೈ ಚಾಚಿದಳು. ಎಷ್ಟು ತೊಳೆದರೂ ಖಾರ ಬಿಡದ ಕೈ ಎಂಬುದು ನೆನಪಾಗಿ, ತೋಳಿನಿಂದಲೇ ತಬ್ಬಿಕೊಂಡಳು.

ಆಗಲೇ ಸಾಕ್ಷಿ ಹೇಳಿ ಮುಗಿಸಿದ್ದ ಸುಂದರರಾವು ಎದ್ದು ಬಂದು ಮತ್ತೆ ಸಾಲಿನ ಕೊನೆಗೆ ನಿಂತ. ಅವನ ಹಿಂದೆ ಮಹಡಿ ಮನೆಯವರು. ಸ್ವಲ್ಪ ಅನುಮಾನಿಸಿ, ಪಾಸ್ಟರ ಹೆಂಡತಿಯೂ ನಿಂತರು.

ಎರಡೂವರೆಯಾಯಿತು. ಹಿತ್ತಲಲ್ಲಿ ಬಿರಿಯಾನಿಯ ಹಂಡೆಗೆ ಬೆನ್ನು ಮಾಡಿ ಕಾದು ಕೂತಿದ್ದ ಅಡುಗೆಯವನು ಕಿಟಕಿಯಲ್ಲಿ ಒಮ್ಮೆ ಇಣುಕಿ ಬಂದ. ಹೆಂಡತಿಗೆ ಹೇಳಿದ:

"ಒಲೆ ಮತ್ತೆ ಹಚ್ಚೇ. ಒಳಗೆ ಎಲ್ಲರೂ ನಿಜ ಹೇಳೋಕೆ ಶುರುಮಾಡಿದಾರೆ."