ಶಾಲ್ಮಲೆಯ ಫೈರ್‌ವಾಲ್

ಕಾಲೇಜಿನ ಸರ್ವರ್‌ಗೆ ಯಾರೋ ಎರಡು ಸಲ ನುಗ್ಗಿದ್ದರು. ಇನ್ನೊಮ್ಮೆ ಹಾಗಾದರೆ ಅದನ್ನು ನೋಡಿಕೊಳ್ಳುವ ಶಾಲ್ಮಲೆಯ ಕೆಲಸಕ್ಕೇ ಸಂಚಕಾರ. ರಜೆಯ ಬೆಳಿಗ್ಗೆ ಮನೆಯಲ್ಲೇ ಕುಳಿತು, ಸರ್ವರ್ ಶುರುವಾದ ಕೂಡಲೇ ಹೊರಗಿನವರನ್ನು ತಡೆಯುವ ಫೈರ್‌ವಾಲ್ ತಾನಾಗಿ ಏಳುವಂತೆ ಸ್ಕ್ರಿಪ್ಟ್ ಬರೆದಳು. ಅಲ್ಲಿಂದಲೇ ಸರ್ವರ್‌ಗೆ ರೀಸ್ಟಾರ್ಟ್ ಕೊಟ್ಟು, “ಧೈರ್ಯವಿದ್ದರೆ ಈಗ ನುಗ್ಗು” ಎಂದು ಗೆಳೆಯ ಸುಕೇಶನಿಗೆ ಸವಾಲು ಹಾಕಿದಳು.

ಸಂಜೆ ಅವನ ಫೋನ್ ಬಂತು.

“ಸೋತೆ ಮಾರಾಯ್ತಿ! ಒಂದು ಸಂದಿಯೂ ಸಿಗ್ಲಿಲ್ಲ. ಇಂಥ ಫೈರ್‌ವಾಲ್ ನಾನು ಕಂಡೇ ಇಲ್ಲ.”

“ಮತ್ತೆ? ಬರೆದದ್ದು ಯಾರು!”

ಹಿಗ್ಗು ತಡೆಯಲಾಗದೆ ಅವಳು ರಜೆಯಲ್ಲೂ ಕಾಲೇಜಿನಲ್ಲಿದ್ದ ಪ್ರಿನ್ಸಿಪಾಲರಿಗೆ ಫೋನ್ ಮಾಡಿದಳು.

“ಸರ್, ನಮ್ಮ ಸರ್ವರ್ ಒಳಗೆ ಇನ್ನು ಯಾರಿಗೂ ಬರ್ಲಿಕ್ಕಾಗುದಿಲ್ಲ!”

“ಭೇಷ್! ಹಾಗಾದ್ರೆ ಅದನ್ನು ಈಗ ಆನ್ ಮಾಡ್ಲಾ ಅಮ್ಮ? ಬೆಳಿಗ್ಗೆ ಆಫ್ ಆದದ್ದು ಹಾಗೇ ಉಂಟು.”