ಅಜ್ಜಿಯ ಸಂಚಿಯ ಓಪನರ್

ಗುಂಡಿ ಒತ್ತಿದರೆ ಡಬ್ಬಿ ತೆರೆಯುವ ಯಂತ್ರಗಳು ಬೀದರಿನ ಅಂಗಡಿಗಳಿಗೂ ಬಂದಿವೆ. ನನಗೆ ಮಾತ್ರ ಹೆಬ್ಬೆರಳುದ್ದದ ಈ ಮಡಚುವ ಓಪನರ್ ಸಾಕು.

ಇದು ಠಾಣಾ ಕುಶನೂರಿನ ನನ್ನಜ್ಜಿಯದು, ಮಿಲಿಟರಿಯಲ್ಲಿದ್ದ ಕಾಕಾ ಕೊಟ್ಟದ್ದು. ಮುಳ್ಳು ಕೀಳುವ ಚಿಮಟದ ಜೊತೆ ಅವಳ ಸೊಂಟದ ಸಂಚಿಯಲ್ಲಿರುತ್ತಿತ್ತು.

ಒಂದು ಮಧ್ಯಾಹ್ನ, ತಾಯಿ ಸತ್ತ ಕುರಿಮರಿ ಹಸಿದು ಒದರುತ್ತಿತ್ತು. ಕಾಕಾ ರಜೆಗೆ ಬರುವಾಗ ತಂದಿದ್ದ ಒಂದೇ ಸಿಹಿಹಾಲಿನ ಡಬ್ಬಿಯ ಅಂಚಿಗೆ ಅಜ್ಜಿ ಓಪನರ್ ಕಚ್ಚಿಸಿ, ಕಟಕಟನೆ ಸುತ್ತಲೂ ಕೊಯ್ದಳು. ತಗಡಿನಿಂದ ಸಿಹಿ ವಾಸನೆ ಎದ್ದಿತು. ಕಾಕಾನ ಮಕ್ಕಳು ಬೆರಳು ಚಾಚಿದರು.

“ಅವ್ವ ಇದ್ದವ್ರು ತಡೀರಿ,” ಎಂದಳು ಅಜ್ಜಿ. “ಇಲ್ಲದವ್ರದು ಮೊದ್ಲ ಆಗ್ಲಿ.”

ಹಾಲನ್ನು ಬಿಸಿನೀರಿನಲ್ಲಿ ಕಲಸಿ ಮರಿಗೆ ಕುಡಿಸಿದಳು. ಆಮೇಲೆ ಡಬ್ಬಿಯಿಂದ ಚಮಚ ತುಂಬಿ, ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನ ಬಾಯಿಗಿಟ್ಟಳು.