ರೈಟ್, ಹೋಗ್ಲಿ!

ನನ್ನ ಬಾಯಿಂದ ಬಂದದ್ದನ್ನು ನಂಬಿ ಕೆಟ್ಟವರು ಬಹಳ. ಆದರೆ ಇದು ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ, ನನ್ನ ಕಣ್ಣೆದುರೇ ನಡೆದದ್ದು.

ಬಸ್ಸುಗಳು ತಾವೇ ಓಡತೊಡಗಿದ ಮೇಲೆ ಡ್ರೈವರಾಗಿದ್ದ ನಾನು ನಿಲ್ದಾಣದಲ್ಲಿ ಮಂಡಕ್ಕಿ ಗಿರ್ಮಿಟ್ ಮಾರುತ್ತೇನೆ. ಕಂಡಕ್ಟರ್ ಫಕ್ಕೀರಪ್ಪನ ಕೆಲಸ ಮಾತ್ರ ಉಳಿದಿತ್ತು. ಅಷ್ಟರಲ್ಲಿ ಎಲ್ಲ ದೇಶಗಳೂ ಸೇರಿ ಕಾರ್ಮಿಕರನ್ನು ಕಾಯುವ ಒಪ್ಪಂದಕ್ಕೆ ಸಹಿ ಹಾಕಿದ್ದವು: ದುಡಿಯುವವನು ತನ್ನ ಬಾಯಿಂದಲೇ ಒಪ್ಪದೆ ಅವನ ಕೆಲಸ ಯಂತ್ರಕ್ಕೆ ಹೋಗುವಂತಿಲ್ಲ. ತಿಂಗಳಿಗೊಮ್ಮೆ ಸಾರಿಗೆ ಸಂಸ್ಥೆಯ ಹೆಣ್ಣುದನಿಯೊಂದು ಫೋನಿನಲ್ಲಿ ಕೇಳುತ್ತಿತ್ತು, "ನಿಮ್ಮ ಕೆಲಸ ಹೋಗಲಿಯೇ?" ಆತ ಬೆವರುತ್ತ "ಬ್ಯಾಡ್ರಿ" ಎನ್ನುತ್ತಿದ್ದ.

ಆ ದನಿಯನ್ನು ಅಣಕಿಸಿ ಅವನಿಗೆ ಫೋನ್ ಮಾಡುವುದು ನನ್ನ ಚಟ. ವಾರಕ್ಕೆರಡು ಸಲ ಬೆವರಿಸಿ, ಆಮೇಲೆ ಗಹಗಹಿಸುತ್ತಿದ್ದೆ.

ಮೊನ್ನೆ ಅವನು ಬಸ್ಸಿನಿಂದ ಇಳಿದು "ಧಾರ್ವಾಡ, ಧಾರ್ವಾಡ" ಎಂದು ಕೂಗುತ್ತಿದ್ದಾಗ ಫೋನ್ ಬಂತು.

"ನಿಮ್ಮ ಕೆಲಸ ಹೋಗಲಿಯೇ?"

"ಏ ಮಾಬೂಸಾಬ, ಈ ಸಲ ಸಿಕ್ಕೆಲೇ ಮಗನ!" ಎಂದು ನನ್ನ ಹೆಸರು ಹಿಡಿದು ಫಕ್ಕೀರಪ್ಪ ಕುಣಿದ. "ರೈಟ್, ಹೋಗ್ಲಿ! ಹೋಗ್ಲಿ!"

"ಧನ್ಯವಾದ," ಎಂದಿತು ದನಿ.

ಬಸ್ಸು ಬಾಗಿಲು ಮುಚ್ಚಿಕೊಂಡು, ಅವನನ್ನು ಕೆಳಗೇ ಬಿಟ್ಟು ಹೊರಟಿತು. ಫಕ್ಕೀರಪ್ಪ ನನ್ನನ್ನು ಹುಡುಕಿ ತಿರುಗಿದ. ನಾನು ಹಿಂದೆಯೇ ನಿಂತಿದ್ದೆ. ಬಾಯಿ ತುಂಬ ಗಿರ್ಮಿಟ್, ಕೈಯಲ್ಲಿ ಫೋನಿಲ್ಲ.

ನನ್ನ ಬಾಯಿ ನೋಡಿದ, ಕೈ ನೋಡಿದ. ಕೊರಳಿನ ಸೀಟಿ ತೆಗೆದು ನನ್ನ ಮಂಡಕ್ಕಿ ಬುಟ್ಟಿಯಲ್ಲಿಟ್ಟ.

"ಇಷ್ಟ್ ಚಂದ ನೀ ಎಂದೂ ಅಣಕಿಸಿದ್ದಿಲ್ಲ ಬಿಡೋ," ಎಂದವನೇ, ಇಡೀ ನಿಲ್ದಾಣ ತಿರುಗಿ ನೋಡುವಷ್ಟು ಜೋರಾಗಿ ನಕ್ಕ.